ಪಟ್ಟಿಯಲ್ಲಿ ಕ್ಯಾಪಿಟಲ್ ಅಕ್ಷರದ ಹೆಸರುಗಳೇ ಮೊದಲು ಬರುವುದೇಕೆ?

ಪ್ರಶ್ನೆ: ನಮ್ಮ ತಾಲ್ಲೂಕಿನ ಒಂದು ಸಹಕಾರ ಸಂಘದ ಸದಸ್ಯರ ಪಟ್ಟಿಯ ತಂತ್ರಾಂಶವನ್ನು ನಾನು ನೋಡಿಕೊಳ್ಳುತ್ತೇನೆ. ಸುಮಾರು 40,000 ಹೆಸರುಗಳಿವೆ, ಎಲ್ಲವೂ ಇಂಗ್ಲಿಷ್ ಅಕ್ಷರಗಳಲ್ಲಿವೆ. ಕೆಲವು ಗುಮಾಸ್ತರು ಇಡೀ ಹೆಸರನ್ನು ಕ್ಯಾಪಿಟಲ್‌ನಲ್ಲಿ, ಕೆಲವರು ಮೊದಲಕ್ಷರವನ್ನು ಮಾತ್ರ ಕ್ಯಾಪಿಟಲ್‌ನಲ್ಲಿ, ಇನ್ನು ಕೆಲವರು ಎಲ್ಲವನ್ನೂ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಿದ್ದಾರೆ. ನನ್ನ ಲ್ಯಾಪ್‌ಟಾಪಿನ ಮೈಎಸ್‌ಕ್ಯೂಎಲ್ ಡೇಟಾಬೇಸಿನಲ್ಲಿ ಪಟ್ಟಿ ಸರಿಯಾಗಿ ಬರುತ್ತದೆ. ಸರ್ವರಿನಲ್ಲಿರುವ ಪೋಸ್ಟ್‌ಗ್ರೆಸ್‌ನಲ್ಲಿ ಮಾತ್ರ ಸಣ್ಣ ಅಕ್ಷರದ ಅನಿಲ್, ಕ್ಯಾಪಿಟಲ್ ಝಡ್‌ನಿಂದ ಶುರುವಾಗುವ ಜಾಕಿರ್‌ಗಿಂತ ಕೆಳಗೆ ಬರುತ್ತಾನೆ. ಅಕ್ಷರಗಳನ್ನು ಸಣ್ಣದಾಗಿಸುವ ಲೋವರ್ ಫಂಕ್ಷನ್ ಹಾಕಿ ನೋಡಿದೆ. ಒಂದು ವರದಿ ಸರಿಹೋಯಿತು, ಇನ್ನೊಂದು ‘ಅಂಥ ಕಾಲಂ ಇಲ್ಲ’ ಎನ್ನುತ್ತದೆ, ಮೂರನೆಯದು ನಿಧಾನವಾಯಿತು. ಇದಕ್ಕೆ ಸರಿಯಾದ ದಾರಿ ಯಾವುದು?

ಉತ್ತರ: ನಿಮ್ಮ ಪ್ರಶ್ನೆಯೊಳಗೆ ಮೂರು ಬೇರೆ ಬೇರೆ ತೊಂದರೆಗಳು ಹೆಣೆದುಕೊಂಡಿವೆ. ಬಿಡಿಸುವ ಮೊದಲು ಒಂದು ಸೂಚನೆ: ಕೆಳಗಿನ ಕ್ವೆರಿಗಳನ್ನು (ಡೇಟಾಬೇಸಿಗೆ ಕೊಡುವ ಆದೇಶಗಳನ್ನು) ಓದಲು ಅನುಕೂಲವಾಗಲೆಂದು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ, ಸೆಲೆಕ್ಟ್, ಆರ್ಡರ್ ಬೈ ಮುಂತಾದವನ್ನು ನೀವು ಎಂದಿನಂತೆ ಇಂಗ್ಲಿಷಿನಲ್ಲೇ ಟೈಪ್ ಮಾಡಬೇಕು. ಟೇಬಲ್ ಮತ್ತು ಕಾಲಂಗಳ ಹೆಸರುಗಳನ್ನು ಪೋಸ್ಟ್‌ಗ್ರೆಸ್ ಕನ್ನಡದಲ್ಲಿ ಬರೆದರೂ ಒಪ್ಪುತ್ತದೆ, ಆ ಮಾತು ಬೇರೆ.

ಕಂಪ್ಯೂಟರಿಗೆ ಅಕ್ಷರವೆಂದರೆ ಒಂದು ಸಂಖ್ಯೆ. ಆಸ್ಕಿ ಸಂಕೇತದಲ್ಲಿ ಕ್ಯಾಪಿಟಲ್ ಎ ಎಂಬುದಕ್ಕೆ 65, ಕ್ಯಾಪಿಟಲ್ ಝಡ್‌ಗೆ 90. ಸಣ್ಣ ಎ 97ರಿಂದ ಆರಂಭವಾಗಿ ಸಣ್ಣ ಝಡ್ 122ಕ್ಕೆ ಮುಗಿಯುತ್ತದೆ. 1963ರಲ್ಲಿ ಬಂದ ಮೊದಲ ಆಸ್ಕಿಯಲ್ಲಿ ಸಣ್ಣ ಅಕ್ಷರಗಳೇ ಇರಲಿಲ್ಲ; 1967ರ ಪರಿಷ್ಕರಣೆಯಲ್ಲಿ ಅವು ಕ್ಯಾಪಿಟಲ್ ಅಕ್ಷರಗಳಿಗೆ ಸರಿಯಾಗಿ 32ರ ಅಂತರದಲ್ಲಿ ಬಂದು ಕುಳಿತವು. ಹೀಗಿರುವಾಗ, ಹೆಸರುಗಳನ್ನು ಬರಿಯ ಬೈಟ್‌ಗಳೆಂದು, ಅಂದರೆ ಈ ಸಂಖ್ಯೆಗಳೆಂದು ಭಾವಿಸಿ ಹೋಲಿಸಿದರೆ, 90ರಿಂದ ಆರಂಭವಾಗುವ ಜಾಕಿರ್ 97ರಿಂದ ಆರಂಭವಾಗುವ ಅನಿಲ್‌ಗಿಂತ ಮೊದಲು ಬರಲೇಬೇಕು. ನಿಮ್ಮ ಪೋಸ್ಟ್‌ಗ್ರೆಸ್ ತಪ್ಪು ಮಾಡುತ್ತಿಲ್ಲ. ಯಾವ ಕ್ರಮದಲ್ಲಿ ಹೋಲಿಸಬೇಕೆಂದು ಅದಕ್ಕೆ ಯಾರೂ ಹೇಳಿಲ್ಲ, ಅಥವಾ ಬೈಟ್‌ಗಳ ಕ್ರಮದಲ್ಲೇ ಹೋಲಿಸು ಎಂದು ಯಾರೋ ಹೇಳಿಬಿಟ್ಟಿದ್ದಾರೆ.

ಹೀಗೆ ಹೋಲಿಕೆಯ ನಿಯಮವನ್ನು ಹೇಳುವ ವ್ಯವಸ್ಥೆಗೆ ಕೊಲೇಶನ್ ಎಂದು ಹೆಸರು. ಮೈಎಸ್‌ಕ್ಯೂಎಲ್ 8.0ರಲ್ಲಿ ನೀವು ಏನೂ ಹೇಳದಿದ್ದರೆ ಸಿಗುವ ಕೊಲೇಶನ್ನಿನ ಹೆಸರು ‘ಎಐ_ಸಿಐ’ ಎಂದು ಕೊನೆಯಾಗುತ್ತದೆ. ಫ್ರೆಂಚ್ ಮುಂತಾದ ಭಾಷೆಗಳಲ್ಲಿ ಅಕ್ಷರದ ಮೇಲೆ ಬರುವ ಸ್ವರಚಿಹ್ನೆಗಳನ್ನೂ ಕ್ಯಾಪಿಟಲ್-ಸಣ್ಣ ಭೇದವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಅದರ ಅರ್ಥ. ಅದಕ್ಕೂ ಹಿಂದಿನ ಆವೃತ್ತಿಗಳಲ್ಲಿ ಸಿಗುತ್ತಿದ್ದುದು ಲ್ಯಾಟಿನ್1ರ ಸ್ವೀಡಿಷ್ ಕ್ರಮ. ಮೈಎಸ್‌ಕ್ಯೂಎಲ್ ಹುಟ್ಟಿದ್ದು ಸ್ವೀಡನ್ನಿನ ಕಂಪನಿಯೊಂದರಲ್ಲಿ. ಆ ಗುರುತು ಎಷ್ಟೋ ವರ್ಷ ನಮ್ಮ ಊರುಗಳ ಸರ್ವರುಗಳಲ್ಲಿಯೂ ಉಳಿದುಕೊಂಡಿತ್ತು. ಅದೂ ಕ್ಯಾಪಿಟಲ್ ಭೇದವನ್ನು ಗಣಿಸದ ಕ್ರಮವೇ ಆದ್ದರಿಂದ ಮೈಎಸ್‌ಕ್ಯೂಎಲ್‌ನಲ್ಲಿ ಕೆಲಸ ಕಲಿತವರಿಗೆ ಇಂಥದ್ದೊಂದು ಪ್ರಶ್ನೆ ಇದೆಯೆಂದೇ ಗೊತ್ತಾಗುವುದಿಲ್ಲ. ಪೋಸ್ಟ್‌ಗ್ರೆಸ್ ಹಾಗಲ್ಲ. ಡೇಟಾಬೇಸನ್ನು ಸೃಷ್ಟಿಸಿದ ದಿನ ಯಾವ ಲೊಕೇಲ್ (ಭಾಷೆ ಮತ್ತು ಪ್ರದೇಶದ ಸೆಟ್ಟಿಂಗ್) ಇತ್ತೋ ಅದರ ಕ್ರಮವೇ ಖಾಯಂ ಆಗುತ್ತದೆ. ಪೋಸ್ಟ್‌ಗ್ರೆಸ್ಸಿಗೆ ಆದೇಶ ಕೊಡುವ ಪಿಎಸ್‌ಕ್ಯೂಎಲ್ ಎಂಬ ಸಾಧನದಲ್ಲಿ ಬ್ಯಾಕ್‌ಸ್ಲ್ಯಾಶ್ ಎಲ್ ಎಂದು ಹೊಡೆದು ಕೊಲೇಟ್ ಎಂಬ ಕಾಲಂ ನೋಡಿ. ಅಲ್ಲಿ ‘ಸಿ’ ಅಥವಾ ‘ಪೋಸಿಕ್ಸ್’ ಎಂದಿದ್ದರೆ ನಿಮ್ಮ ಸಮಸ್ಯೆಯ ಮೂಲ ಸಿಕ್ಕಿತು, ಅವೆರಡೂ ಬೈಟ್ ಕ್ರಮದ ಹೆಸರುಗಳು. ಅಲ್ಲಿ ‘ಇಎನ್_ಯುಎಸ್’ ಎಂದೇ ಇದ್ದು, ಆದರೂ ಹೆಸರುಗಳು ಬೈಟ್ ಕ್ರಮದಲ್ಲೇ ಬರುತ್ತಿದ್ದರೆ, ಸರ್ವರ್ ಆಲ್ಪೈನ್ ಲಿನಕ್ಸಿನ ಡಾಕರ್ ಇಮೇಜಿನ ಮೇಲೆ ಓಡುತ್ತಿದೆಯೇ ಎಂದು ವಿಚಾರಿಸಿ. ಆಲ್ಪೈನ್ ಬಳಸುವ ಮಸ್ಲ್ ಎಂಬ ಲೈಬ್ರರಿಗೆ ಭಾಷೆಗೆ ತಕ್ಕ ಕ್ರಮ ಎಂಬುದೇ ಗೊತ್ತಿಲ್ಲ. ಲೊಕೇಲ್‌ನ ಹೆಸರು ಏನೇ ಇದ್ದರೂ ಅದು ಬೈಟ್‌ಗಳನ್ನೇ ಹೋಲಿಸುತ್ತದೆ.

ಈಗ ಲೋವರ್ ವಿಷಯ. ಎಲ್ಲ ಹೆಸರುಗಳನ್ನೂ ಹೋಲಿಕೆಯ ಮಟ್ಟಿಗೆ ಸಣ್ಣ ಅಕ್ಷರಕ್ಕೆ ಇಳಿಸಿ ಸಾರ್ಟ್ ಮಾಡುವುದು ಎಲ್ಲ ಡೇಟಾಬೇಸುಗಳಲ್ಲೂ ನಡೆಯುವ, ಯಾರಿಗೂ ತಕ್ಷಣ ಅರ್ಥವಾಗುವ ಉಪಾಯ:

ಸೆಲೆಕ್ಟ್ ಸಂಖ್ಯೆ, ಹೆಸರು ಫ್ರಮ್ ಸದಸ್ಯರು ಆರ್ಡರ್ ಬೈ ಲೋವರ್(ಹೆಸರು), ಸಂಖ್ಯೆ

ಸಂಖ್ಯೆ ಎಂದರೆ ಸದಸ್ಯರ ಸಂಖ್ಯೆಯ ಕಾಲಂ. ಪರದೆಯ ಮೇಲೆ ಹೆಸರು ಟೈಪ್ ಮಾಡಿದ ಹಾಗೆಯೇ ಕಾಣುತ್ತದೆ, ಕ್ರಮ ಮಾತ್ರ ಬದಲಾಗುತ್ತದೆ. ಲೋವರ್ ಬದಲು ಅಪ್ಪರ್ ಹಾಕಿದರೂ ಆಗುತ್ತದೆ, ಆದರೆ ಎರಡೂ ಸಂಪೂರ್ಣ ಒಂದೇ ಅಲ್ಲ. ಆಸ್ಕಿಯಲ್ಲಿ 90ಕ್ಕೂ 97ಕ್ಕೂ ನಡುವೆ ಆರು ಚಿಹ್ನೆಗಳಿವೆ, ಅಂಡರ್‌ಸ್ಕೋರ್ ಅವುಗಳಲ್ಲೊಂದು. ಅದರ ಸಂಖ್ಯೆ 95. ಬೈಟ್ ಕ್ರಮದ ಡೇಟಾಬೇಸಿನಲ್ಲಿ ಲೋವರ್ ಬಳಸಿದರೆ ಅಂಡರ್‌ಸ್ಕೋರ್ ಅಕ್ಷರಗಳಿಗಿಂತ ಮೊದಲು ಬರುತ್ತದೆ, ಅಪ್ಪರ್ ಬಳಸಿದರೆ ಅಕ್ಷರಗಳಾದ ಮೇಲೆ. ಹೆಸರುಗಳಿಗೆ ಇದರಿಂದ ಏನೂ ಆಗದು. ಅಂಡರ್‌ಸ್ಕೋರ್ ಇರುವ ಖಾತೆಯ ಕೋಡುಗಳನ್ನು ಒಂದು ವರದಿಯಲ್ಲಿ ಲೋವರ್‌ನಿಂದಲೂ ಇನ್ನೊಂದರಲ್ಲಿ ಅಪ್ಪರ್‌ನಿಂದಲೂ ಸಾರ್ಟ್ ಮಾಡಿದರೆ, ಎರಡು ವರದಿಗಳನ್ನು ಎದುರುಬದುರು ಇಟ್ಟು ತಾಳೆ ನೋಡುವ ಲೆಕ್ಕಿಗರು ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ. ಒಂದನ್ನು ಆರಿಸಿಕೊಂಡು ಎಲ್ಲ ಕಡೆಯೂ ಅದನ್ನೇ ಬಳಸಿ.

‘ಅಂಥ ಕಾಲಂ ಇಲ್ಲ’ ಎಂಬ ನಿಮ್ಮ ಎರಡನೆಯ ತೊಂದರೆಗೆ ಕಾರಣ ಸಾರ್ಟ್ ಅಲ್ಲವೇ ಅಲ್ಲ. ಆ ವರದಿಯ ಕ್ವೆರಿ ಹೆಚ್ಚುಕಡಿಮೆ ಹೀಗಿರಬೇಕು:

ಸೆಲೆಕ್ಟ್ ಸಂಖ್ಯೆ, ಟ್ರಿಮ್(ಹೆಸರು) ಆ್ಯಸ್ ಪೂರ್ಣಹೆಸರು ಫ್ರಮ್ ಸದಸ್ಯರು ಆರ್ಡರ್ ಬೈ ಲೋವರ್(ಪೂರ್ಣಹೆಸರು)

ಟ್ರಿಮ್ ಎಂಬುದು ಹೆಸರಿನ ಹಿಂದೆ ಮುಂದೆ ಇರುವ ಸ್ಪೇಸುಗಳನ್ನು ತೆಗೆಯುತ್ತದೆ. ಆರ್ಡರ್ ಬೈ ನಂತರ ಪೂರ್ಣಹೆಸರು ಎಂದಷ್ಟೇ ಬರೆದಿದ್ದರೆ ಪೋಸ್ಟ್‌ಗ್ರೆಸ್ ಒಪ್ಪುತ್ತಿತ್ತು. ಫಲಿತಾಂಶಕ್ಕೆ ನೀವು ಕೊಟ್ಟ ಅಡ್ಡಹೆಸರನ್ನು ಅದು ಆರ್ಡರ್ ಬೈಯಲ್ಲಿ ಒಂಟಿಯಾಗಿ ನಿಂತಾಗ ಮಾತ್ರ ಗುರುತಿಸುತ್ತದೆ. ಲೋವರ್‌ನಂಥ ಯಾವುದೇ ಫಂಕ್ಷನ್ನಿನ ಒಳಗೆ ಇಟ್ಟ ಕೂಡಲೇ, ಆ ಹೆಸರಿನ ಕಾಲಂ ಮೂಲ ಟೇಬಲಿನಲ್ಲಿ ಇದೆಯೇ ಎಂದು ಹುಡುಕಿ, ಸಿಗದೆ ದೂರುತ್ತದೆ. ಮೈಎಸ್‌ಕ್ಯೂಎಲ್ ಈ ವಿಷಯದಲ್ಲಿ ಉದಾರಿ. ಆದ್ದರಿಂದಲೇ ನಿಮ್ಮ ಲ್ಯಾಪ್‌ಟಾಪಿನಲ್ಲಿ ಅದೇ ಕ್ವೆರಿ ಓಡಿತು.

ದೋಷ ಬಂದಿದ್ದು ನಿಮ್ಮ ಅದೃಷ್ಟ ಎಂದೇ ಹೇಳಬೇಕು. ಅಡ್ಡಹೆಸರನ್ನು ಪೂರ್ಣಹೆಸರು ಎನ್ನುವ ಬದಲು ಹೆಸರು ಎಂದೇ ಇಟ್ಟಿದ್ದರೆ, ಅಂದರೆ ಟ್ರಿಮ್(ಹೆಸರು) ಆ್ಯಸ್ ಹೆಸರು ಎಂದು ಬರೆದು ಲೋವರ್(ಹೆಸರು) ಮೇಲೆ ಸಾರ್ಟ್ ಮಾಡಿದ್ದರೆ, ಯಾವ ದೋಷವೂ ಬರುತ್ತಿರಲಿಲ್ಲ. ಪೋಸ್ಟ್‌ಗ್ರೆಸ್ ಸದ್ದಿಲ್ಲದೆ ಟೇಬಲಿನ ಮೂಲ ಕಾಲಮ್ಮನ್ನೇ, ಎಂದರೆ ಟ್ರಿಮ್ ಆಗದ ಹೆಸರನ್ನೇ, ತೆಗೆದುಕೊಳ್ಳುತ್ತಿತ್ತು. ಗುಮಾಸ್ತರು ಮುಂದೆ ಒಂದು ಸ್ಪೇಸ್ ಒತ್ತಿ ಟೈಪ್ ಮಾಡಿದ ಹೆಸರುಗಳೆಲ್ಲ ಪಟ್ಟಿಯ ತಲೆಯಲ್ಲಿ ಬಂದು ನಿಲ್ಲುತ್ತಿದ್ದವು, ಆದರೆ ಪರದೆಯ ಮೇಲೆ ಆ ಸ್ಪೇಸ್ ಕಾಣುತ್ತಲೇ ಇರಲಿಲ್ಲ. ಈ ಬಗೆಯ ತಪ್ಪನ್ನು ಹಿಡಿಯಲು ನಾನು ಒಮ್ಮೆ ಅರ್ಧ ದಿನ ಕಳೆದಿದ್ದೇನೆ, ಅದೂ ಕೊಲೇಶನ್ನನ್ನೇ ಅನುಮಾನಿಸುತ್ತ.

ಎರಡೂ ಸಂದರ್ಭಗಳಿಗೆ ಪರಿಹಾರ ಒಂದೇ. ಕ್ವೆರಿಯನ್ನು ಒಳಗೆ ಕಟ್ಟಿ, ಹೊರಗಿನಿಂದ ಸಾರ್ಟ್ ಮಾಡಿ:

ಸೆಲೆಕ್ಟ್ ಸಂಖ್ಯೆ, ಪೂರ್ಣಹೆಸರು ಫ್ರಮ್ (ಸೆಲೆಕ್ಟ್ ಸಂಖ್ಯೆ, ಟ್ರಿಮ್(ಹೆಸರು) ಆ್ಯಸ್ ಪೂರ್ಣಹೆಸರು ಫ್ರಮ್ ಸದಸ್ಯರು) ಆ್ಯಸ್ ಪಟ್ಟಿ ಆರ್ಡರ್ ಬೈ ಲೋವರ್(ಪೂರ್ಣಹೆಸರು), ಸಂಖ್ಯೆ

ಹೊರಗಿನ ಕ್ವೆರಿಗೆ ಪೂರ್ಣಹೆಸರು ಎಂಬುದು ಈಗ ನಿಜವಾದ ಕಾಲಂ. ಒಳಗೊಂದು ಹೊರಗೊಂದು ಎಂದು ಬರೆದರೆ ನಿಧಾನವಾದೀತೆಂಬ ಭಯ ಬೇಡ. ಇಷ್ಟು ಸರಳವಾದ ಕ್ವೆರಿಯನ್ನು ಪೋಸ್ಟ್‌ಗ್ರೆಸ್ ತಾನೇ ಬಿಚ್ಚಿ ಒಂದಾಗಿಸಿಕೊಳ್ಳುತ್ತದೆ. ಹಾಲಿ ಸದಸ್ಯರ ಮತ್ತು ಮಾಜಿ ಸದಸ್ಯರ ಟೇಬಲುಗಳನ್ನು ಯೂನಿಯನ್‌ನಿಂದ ಸೇರಿಸಿದಾಗಲೂ, ನಕಲು ಸಾಲುಗಳನ್ನು ತೆಗೆಯುವ ಡಿಸ್ಟಿಂಕ್ಟ್ ಹಾಕಿದಾಗಲೂ ಲೋವರ್ ಮೇಲಿನ ಸಾರ್ಟ್ ನೇರವಾಗಿ ಒಪ್ಪಿತವಾಗುವುದಿಲ್ಲ. ಅಲ್ಲಿಯೂ ಇದೇ ರೀತಿ ಕಟ್ಟಬೇಕು. ಡಿಸ್ಟಿಂಕ್ಟ್ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ: ಕ್ಯಾಪಿಟಲ್ ರವಿಯೂ ಸಣ್ಣ ಅಕ್ಷರದ ರವಿಯೂ ಅದರ ಕಣ್ಣಿಗೆ ಇಬ್ಬರೇ, ಸಾರ್ಟ್ ಬದಲಾಯಿಸಿದ ಮಾತ್ರಕ್ಕೆ ಅವರು ಒಂದಾಗುವುದಿಲ್ಲ.

ಇಲ್ಲಿಗೆ ನಾನು ಮುಖ್ಯವೆಂದು ಭಾವಿಸುವ ವಿಷಯ ಬಂದಿತು. ಯಾರು ಮೊದಲು, ಯಾರು ನಂತರ ಎಂಬುದು ಒಂದು ಪ್ರಶ್ನೆ. ಇಬ್ಬರೂ ಒಂದೇ ಹೌದೋ ಅಲ್ಲವೋ ಎಂಬುದು ಇನ್ನೊಂದು. ಮೈಎಸ್‌ಕ್ಯೂಎಲ್‌ನ ಸಿಐ ಕೊಲೇಶನ್ ಎರಡಕ್ಕೂ ಒಟ್ಟಿಗೆ ಉತ್ತರ ಕೊಟ್ಟುಬಿಡುತ್ತದೆ: ಸಾರ್ಟ್‌ನಲ್ಲಿ ಭೇದವಿಲ್ಲ, ಸಮಾನತೆಯಲ್ಲಿಯೂ ಭೇದವಿಲ್ಲ, ಗ್ರೂಪ್ ಬೈ ಮಾಡಿದರೆ ಎರಡೂ ಬಗೆಯ ರವಿ ಒಂದೇ ಗುಂಪಿಗೆ ಸೇರುತ್ತಾರೆ, ನಕಲುಗಳನ್ನು ಬಿಡದ ಯೂನೀಕ್ ಇಂಡೆಕ್ಸ್ ಇದ್ದರೆ ಎರಡನೆಯವರಿಗೆ ಪ್ರವೇಶವಿಲ್ಲ. ಇಮೇಲ್ ವಿಳಾಸದ ಕಾಲಮ್ಮಿಗೆ ಇದು ಅನುಕೂಲವೇ. ಕ್ಯಾಪಿಟಲ್ ಭೇದದಿಂದಲೇ ಬೇರೆಯಾಗುವ ರಸೀದಿ ಕೋಡುಗಳಿಗೆ ಇದು ಅನಾಹುತ. ಪೋಸ್ಟ್‌ಗ್ರೆಸ್‌ನಲ್ಲಿ ಇವೆರಡನ್ನೂ ಬೇರೆಬೇರೆಯಾಗಿ ನಿರ್ಧರಿಸಬಹುದು, ನಿರ್ಧರಿಸಲೂ ಬೇಕು. ನೀವು ಕೇಳಿರುವುದು ಸಾರ್ಟ್ ಮಾತ್ರ. ಆದ್ದರಿಂದ ಸಮಾನತೆಯ ನಿಯಮಕ್ಕೆ ಕೈ ಹಾಕದೆ ಕೆಲಸ ಮುಗಿಸುವುದೇ ಒಳ್ಳೆಯದು.

ಅದಕ್ಕೆ ಲೋವರ್‌ಗಿಂತ ಚೆನ್ನಾದ ದಾರಿಯೊಂದಿದೆ. ಯೂನಿಕೋಡ್‌ನ ಹೋಲಿಕೆಯ ವಿಧಾನ ಪದಗಳನ್ನು ಒಂದೇ ಸಲ ನೋಡಿ ತೀರ್ಮಾನಿಸುವುದಿಲ್ಲ. ಮೊದಲ ಹಂತದಲ್ಲಿ ಮೂಲ ಅಕ್ಷರಗಳನ್ನು ಮಾತ್ರ ಹೋಲಿಸುತ್ತದೆ. ಎಲ್ಲವೂ ಸಮವಾದರೆ ಎರಡನೆಯ ಹಂತದಲ್ಲಿ ಸ್ವರಚಿಹ್ನೆಗಳನ್ನು ನೋಡುತ್ತದೆ. ಅಲ್ಲಿಯೂ ಸಮವಾದರೆ ಮಾತ್ರ ಮೂರನೆಯ ಹಂತದಲ್ಲಿ ಕ್ಯಾಪಿಟಲೋ ಸಣ್ಣದೋ ಎಂದು ವಿಚಾರಿಸುತ್ತದೆ. ಶಾಲೆಯಲ್ಲಿ ನಾವು ಇಂಗ್ಲಿಷ್ ನಿಘಂಟು ನೋಡುವಾಗ ಮಾಡುತ್ತಿದ್ದುದೂ ಇದನ್ನೇ. ಕ್ಯಾಪಿಟಲ್ ಆರ್‌ನ ರವಿ, ಕ್ಯಾಪಿಟಲ್ ಆರ್‌ನ ರವಿಕುಮಾರ್, ಸಣ್ಣ ಅಕ್ಷರದ ರವಿ ಎಂಬ ಮೂವರನ್ನು ತೆಗೆದುಕೊಳ್ಳಿ. ಬೈಟ್ ಕ್ರಮದಲ್ಲಿ ಬರುವುದು ನಾನು ಹೇಳಿದ ಇದೇ ಸರಣಿಯಲ್ಲಿ, ಇಬ್ಬರು ರವಿಗಳ ನಡುವೆ ರವಿಕುಮಾರ್ ತೂರಿಕೊಂಡಿರುತ್ತಾನೆ. ಯೂನಿಕೋಡ್ ಕ್ರಮದಲ್ಲಿ ಸಣ್ಣ ಅಕ್ಷರದ ರವಿ, ಕ್ಯಾಪಿಟಲ್ ರವಿ ಒಬ್ಬರ ಪಕ್ಕ ಒಬ್ಬರು ಬಂದು, ಆಮೇಲೆ ರವಿಕುಮಾರ್ ಬರುತ್ತಾನೆ. ಪೋಸ್ಟ್‌ಗ್ರೆಸ್‌ನ 10ನೆಯ ಆವೃತ್ತಿಯಿಂದ ಈಚೆಗೆ ಐಸಿಯು ಎಂಬ ಲೈಬ್ರರಿಯ ಮೂಲಕ ಈ ಕ್ರಮ ಲಭ್ಯವಿದ್ದು, ಡೇಟಾಬೇಸಿನ ಲೊಕೇಲ್ ಏನೇ ಇದ್ದರೂ ಕ್ವೆರಿಯೊಳಗೇ ಅದನ್ನು ಕೇಳಿ ಪಡೆಯಬಹುದು:

ಸೆಲೆಕ್ಟ್ ಸಂಖ್ಯೆ, ಹೆಸರು ಫ್ರಮ್ ಸದಸ್ಯರು ಆರ್ಡರ್ ಬೈ ಹೆಸರು ಕೊಲೇಟ್ "ಇಎನ್-ಎಕ್ಸ್-ಐಸಿಯು", ಸಂಖ್ಯೆ

ಕೊಲೇಶನ್ನಿನ ಹೆಸರಿನಲ್ಲಿ ಅಡ್ಡಗೆರೆಗಳಿರುವುದರಿಂದ ಜೋಡಿ ಉದ್ಧರಣ ಚಿಹ್ನೆ ಕಡ್ಡಾಯ.

ಆದರೆ ಇಲ್ಲಿಯೂ ಒಂದು ಸೂಕ್ಷ್ಮವಿದೆ, ಅದು ನಿಮ್ಮ ಸಂಘದ ಪಟ್ಟಿಗೆ ನೇರವಾಗಿ ತಾಗುತ್ತದೆ. ಒಂದೇ ಹೆಸರಿನವರನ್ನು ಸದಸ್ಯತ್ವ ಪಡೆದ ದಿನಾಂಕದ ಪ್ರಕಾರ ತೋರಿಸಬೇಕೆಂದು ನೀವು ಹೆಸರು, ದಿನಾಂಕ ಎಂಬ ಎರಡು ಕಾಲಂಗಳ ಮೇಲೆ ಸಾರ್ಟ್ ಮಾಡುತ್ತೀರಿ ಎಂದಿಟ್ಟುಕೊಳ್ಳಿ. ಸಣ್ಣ ಅಕ್ಷರದ ರವಿಗಳು ಇಬ್ಬರು, 1998ರಲ್ಲೊಬ್ಬರು, 2015ರಲ್ಲೊಬ್ಬರು. ಕ್ಯಾಪಿಟಲ್ ರವಿ ಒಬ್ಬರು, 2004ರಲ್ಲಿ ಸೇರಿದವರು. ಮೇಲಿನ ಐಸಿಯು ಕೊಲೇಶನ್ ಈ ಎರಡು ಬರಹಗಳನ್ನು ಅಕ್ಕಪಕ್ಕ ಇಡುತ್ತದೆಯೇ ಹೊರತು ಸಮ ಎಂದು ಒಪ್ಪುವುದಿಲ್ಲ. ಹೀಗಾಗಿ ದಿನಾಂಕದ ಸರದಿ ಬರುವ ಮೊದಲೇ ತೀರ್ಮಾನವಾಗಿಹೋಗಿ, ಪಟ್ಟಿಯಲ್ಲಿ 1998, 2015, 2004 ಎಂದು ಬರುತ್ತದೆ. ಲೋವರ್(ಹೆಸರು), ದಿನಾಂಕ ಎಂದು ಕೇಳಿದರೆ ಮೂವರೂ ಸಮವಾಗಿ, 1998, 2004, 2015 ಎಂದು ಸರಿಯಾಗಿ ಬರುತ್ತದೆ. ಆದ್ದರಿಂದ ಹೆಸರೊಂದರ ಮೇಲೆಯೇ ಸಾರ್ಟ್ ಮಾಡುವ ಕಡೆ ಐಸಿಯು ಸಾಕು. ಹೆಸರಿನ ಹಿಂದೆ ಇನ್ನೊಂದು ಅರ್ಥವುಳ್ಳ ಕಾಲಂ ಬರುವ ಕಡೆ ಲೋವರ್ ಬೇಕು. ಎರಡನ್ನೂ ಸೇರಿಸಿ ಲೋವರ್(ಹೆಸರು) ಕೊಲೇಟ್ ಎಂದೂ ಬರೆಯಬಹುದು, ತಪ್ಪೇನಿಲ್ಲ.

12ನೆಯ ಆವೃತ್ತಿಯಿಂದ ಇದಕ್ಕೆ ಮತ್ತೊಂದು ದಾರಿಯೂ ತೆರೆದಿದೆ. ಹೋಲಿಕೆಯನ್ನು ಎರಡನೆಯ ಹಂತಕ್ಕೇ ನಿಲ್ಲಿಸು, ಅಲ್ಲಿ ಸಮವಾದವರನ್ನು ಸಮವೆಂದೇ ತಿಳಿ ಎಂದು ಹೇಳುವ ಕೊಲೇಶನ್ನನ್ನು ನಾವೇ ಸೃಷ್ಟಿಸಿಕೊಳ್ಳಬಹುದು. ಡಿಟರ್ಮಿನಿಸ್ಟಿಕ್ ಎಂಬ ಗುಣವನ್ನು ಫಾಲ್ಸ್ ಮಾಡುವುದರಲ್ಲಿ ಅದರ ಗುಟ್ಟಿದೆ. ಇದನ್ನು ಕಾಲಮ್ಮಿಗೇ ಕೊಟ್ಟರೆ ಕ್ಯಾಪಿಟಲ್ ಭೇದದ ಮಟ್ಟಿಗೆ ಮೈಎಸ್‌ಕ್ಯೂಎಲ್‌ನ ನಡವಳಿಕೆಯೇ ಇಲ್ಲಿಯೂ ಬರುತ್ತದೆ. ಆದರೆ ಅಂಥ ಕಾಲಮ್ಮಿನ ಮೇಲೆ ಲೈಕ್ ಬಳಸಿ ಹುಡುಕಲು 17ನೆಯ ಆವೃತ್ತಿಯವರೆಗೂ ಅವಕಾಶವಿರಲಿಲ್ಲ, ದೋಷವೇ ಬರುತ್ತಿತ್ತು. 18ರಲ್ಲಷ್ಟೇ ಅದು ಸಾಧ್ಯವಾಗಿದೆ. ಹೆಸರಿನ ಮೊದಲ ಮೂರಕ್ಷರ ಹೊಡೆದು ಹುಡುಕುವುದು ಸದಸ್ಯರ ಪಟ್ಟಿಯಲ್ಲಿ ದಿನನಿತ್ಯದ ಕೆಲಸವಾದ್ದರಿಂದ ಹೆಸರಿನ ಕಾಲಮ್ಮಿಗೆ ಇದನ್ನು ನಾನು ಶಿಫಾರಸು ಮಾಡುವುದಿಲ್ಲ. ಸಿಐಟೆಕ್ಸ್ಟ್ ಎಂಬ ಹಳೆಯ ಎಕ್ಸ್‌ಟೆನ್ಷನ್ ಕೂಡ ಇದೆ. ಅದು ಪ್ರತಿ ಹೋಲಿಕೆಯಲ್ಲೂ ಒಳಗೊಳಗೇ ಲೋವರ್ ಕರೆಯುತ್ತದೆ, ಅಷ್ಟೇ.

ನಾನು ಕೊಟ್ಟ ಕ್ವೆರಿಗಳ ಕೊನೆಯಲ್ಲಿ ಪ್ರತಿ ಬಾರಿಯೂ ಸಂಖ್ಯೆ ಎಂದು ಸೇರಿಸುತ್ತಿರುವುದನ್ನು ಗಮನಿಸಿರಬಹುದು. ಭೇದ ಅಳಿಸಿದೊಡನೆ ಸಮ ಎನಿಸುವ ಸಾಲುಗಳು ಹೆಚ್ಚುತ್ತವೆ. ಸಮವಾದವುಗಳಲ್ಲಿ ಯಾವುದು ಮೊದಲು ಎಂಬುದನ್ನು ಯಾವ ಡೇಟಾಬೇಸೂ ಖಾತರಿಪಡಿಸುವುದಿಲ್ಲ. ಇಡೀ ಪಟ್ಟಿಯನ್ನು ಒಮ್ಮೆಲೇ ಮುದ್ರಿಸಿದರೆ ಇದರಿಂದ ಹಾನಿಯಿಲ್ಲ. ಪುಟಕ್ಕೆ 20ರಂತೆ ಲಿಮಿಟ್, ಆಫ್‌ಸೆಟ್ ಹಾಕಿ ತೋರಿಸುವಾಗ ಮಾತ್ರ, ಪ್ರತಿ ಪುಟಕ್ಕೂ ಸಾರ್ಟ್ ಹೊಸದಾಗಿ ನಡೆಯುವುದರಿಂದ, ಎರಡನೆಯ ಪುಟದ ತುದಿಯಲ್ಲಿ ಕಂಡ ಮಂಜುನಾಥ ಮೂರನೆಯ ಪುಟದ ತಲೆಯಲ್ಲಿ ಮತ್ತೆ ಕಾಣಿಸಿಕೊಂಡು, ಅವನ ಬದಲಿಗೆ ಬರಬೇಕಿದ್ದ ಇನ್ನೊಬ್ಬ ಮಂಜುನಾಥ ಯಾವ ಪುಟದಲ್ಲಿಯೂ ಇಲ್ಲದೆ ಹೋಗಬಹುದು. ನಾನು ಹಿಂದೆ ಕೆಲಸ ಮಾಡಿದ ಕಡೆಯೊಂದರಲ್ಲಿ ಮತದಾನದ ಅರ್ಹತೆಯ ಪಟ್ಟಿಯನ್ನು ಹೀಗೆಯೇ ಪುಟಪುಟವಾಗಿ ಇಳಿಸಿಕೊಂಡು ಮುದ್ರಿಸಿದ್ದರು. ಒಟ್ಟು ಸಂಖ್ಯೆ ಸರಿಯಾಗಿಯೇ ಇತ್ತು. ಹೆಸರು ಕಾಣದ ಸದಸ್ಯರೊಬ್ಬರು ಪಾಸ್‌ಬುಕ್ ಹಿಡಿದು ಬಂದು ನಿಂತ ಮೇಲೆಯೇ ಇದು ಬೆಳಕಿಗೆ ಬಂದದ್ದು. ಯಾವತ್ತೂ ಪುನರಾವರ್ತನೆಯಾಗದ ಒಂದು ಕಾಲಮ್ಮನ್ನು ಕೊನೆಯಲ್ಲಿ ಸೇರಿಸಿದರೆ ಈ ಗೋಜಲಿಲ್ಲ. ಇಪ್ಪತ್ತು ಹೆಸರುಗಳನ್ನು ಮೊದಲು ತಂದುಕೊಂಡು, ಆಮೇಲೆ ಅವನ್ನು ಜಾವಾ ಅಥವಾ ಪೈಥಾನ್‌ನಲ್ಲಿ ಸಾರ್ಟ್ ಮಾಡುವ ಅಡ್ಡದಾರಿಯನ್ನೂ ಕೆಲವರು ಹಿಡಿಯುತ್ತಾರೆ. ಆಗ ಪ್ರತಿ ಪುಟದೊಳಗೆ ಕ್ರಮವಿರುತ್ತದೆ, ಪುಟಗಳ ನಡುವೆ ಇರುವುದಿಲ್ಲ. ಜಾವಾದ ಸ್ಪ್ರಿಂಗ್ ಡೇಟಾದಲ್ಲಿ ಇಗ್ನೋರ್‌ಕೇಸ್, ಪೈಥಾನ್‌ನ ಜಾಂಗೋದಲ್ಲಿ ಲೋವರ್ ಎಂಬ ಸೌಲಭ್ಯಗಳಿವೆ. ಅವು ಕ್ವೆರಿಯಲ್ಲಿಯೇ ಲೋವರ್ ಬರೆದುಕೊಡುತ್ತವೆ, ಅವನ್ನು ಬಳಸಿ.

ನಿಧಾನದ ವಿಷಯಕ್ಕೆ ಬರೋಣ. 40,000 ಸಾಲುಗಳು ಪೋಸ್ಟ್‌ಗ್ರೆಸ್‌ಗೆ ದೊಡ್ಡ ಹೊರೆಯೇನಲ್ಲ. ಆದರೂ ನಿಧಾನವಾಯಿತೆಂದರೆ ಎಕ್ಸ್‌ಪ್ಲೇನ್ ಅನಲೈಜ್ ಹಾಕಿ ಸಾರ್ಟ್ ಮೆಥಡ್ ಎಂಬ ಸಾಲನ್ನು ಓದಿ. ಅಲ್ಲಿ ಕ್ವಿಕ್‌ಸಾರ್ಟ್ ಎಂದಿದ್ದರೆ ಕೆಲಸ ಮೆಮೊರಿಯಲ್ಲೇ ಮುಗಿದಿದೆ. ಎಕ್ಸ್‌ಟರ್ನಲ್ ಮರ್ಜ್ ಎಂದಿದ್ದರೆ ಜಾಗ ಸಾಲದೆ ಡಿಸ್ಕಿಗೆ ಬರೆದು ಸಾರ್ಟ್ ಮಾಡಿದೆ. ವರ್ಕ್_ಮೆಮ್ ಎಂಬ ಮಿತಿ ನೀವು ಬದಲಾಯಿಸದಿದ್ದರೆ 4 ಎಂಬಿ. ಸೆಲೆಕ್ಟ್ ಸ್ಟಾರ್ ಎಂದು ಬರೆದು ವಿಳಾಸ, ನಾಮಿನಿ, ಷರಾ ಎಲ್ಲವನ್ನೂ ಎಳೆದುಕೊಂಡರೆ ಸಾಲಿಗೆ ನೂರು ಬೈಟ್ ದಾಟುವುದು ಕಷ್ಟವಲ್ಲ. 40,000ವನ್ನು ನೂರರಿಂದ ಗುಣಿಸಿದರೆ ಆ ನಾಲ್ಕು ಎಂಬಿ ಅಲ್ಲಿಗೇ ತುಂಬಿತು. ಬೇಕಾದ ಕಾಲಂಗಳನ್ನು ಮಾತ್ರ ಕೇಳುವುದು ಮೊದಲ ಚಿಕಿತ್ಸೆ.

ಹೆಸರು ಕಾಲಮ್ಮಿನ ಮೇಲೆ ಇಂಡೆಕ್ಸ್ (ಬೇಗ ಹುಡುಕಲು ಮೊದಲೇ ಕ್ರಮವಾಗಿ ಜೋಡಿಸಿಟ್ಟ ಸೂಚಿ) ಇದ್ದರೂ ಉಪಯೋಗವಾಗಲಿಲ್ಲವೇಕೆ ಎಂದು ನೀವು ಕೇಳಬಹುದು. ಆ ಇಂಡೆಕ್ಸ್ ಜೋಡಿಸಿಟ್ಟಿರುವುದು ಹೆಸರನ್ನು, ನೀವು ಕೇಳುತ್ತಿರುವುದು ಲೋವರ್ ಆದ ಹೆಸರಿನ ಕ್ರಮವನ್ನು. ಎರಡೂ ಬೇರೆ ಕ್ರಮಗಳು. ಕೇಳುವ ಕ್ರಮದಲ್ಲೇ ಇಂಡೆಕ್ಸ್ ಕಟ್ಟಬೇಕು:

ಕ್ರಿಯೇಟ್ ಇಂಡೆಕ್ಸ್ ಸದಸ್ಯರು_ಹೆಸರು_ಕ್ರಮ ಆನ್ ಸದಸ್ಯರು (ಲೋವರ್(ಹೆಸರು), ಸಂಖ್ಯೆ)

ಇದಾದ ಮೇಲೆ ಮೊದಲ ಪುಟದ 20 ಹೆಸರುಗಳಿಗಾಗಿ ಇಡೀ ಟೇಬಲ್ ಓದುವ ಅಗತ್ಯವಿಲ್ಲ. ಇಂಡೆಕ್ಸಿನ ಮೊದಲ 20 ನಮೂದುಗಳನ್ನು ಎಣಿಸಿ ಎದ್ದುಬರುತ್ತದೆ. ಆದರೆ ಕ್ವೆರಿಯ ಆರ್ಡರ್ ಬೈ ಮತ್ತು ಇಂಡೆಕ್ಸ್ ಅಕ್ಷರಶಃ ಹೊಂದಬೇಕು. ಇಂಡೆಕ್ಸಿನಲ್ಲಿ ಲೋವರ್, ಕ್ವೆರಿಯಲ್ಲಿ ಅಪ್ಪರ್ ಇದ್ದರೆ ಅಥವಾ ಒಂದರಲ್ಲಿ ಕೊಲೇಟ್ ಹೇಳಿ ಇನ್ನೊಂದರಲ್ಲಿ ಮರೆತರೆ ಇಂಡೆಕ್ಸ್ ಇದ್ದೂ ಇಲ್ಲದಂತೆ. ಮೈಎಸ್‌ಕ್ಯೂಎಲ್‌ನಲ್ಲಿ ಇಂಥ ಇಂಡೆಕ್ಸ್ 8.0.13ರಿಂದ ಸಾಧ್ಯವಾಗಿದೆ, ಆದರೆ ಅಲ್ಲಿ ಕೊಲೇಶನ್ನೇ ಕೆಲಸ ಮಾಡಿಕೊಡುವುದರಿಂದ ಲೋವರ್ ಹಾಕುವುದು ಇದ್ದ ಇಂಡೆಕ್ಸನ್ನೂ ಕೆಡಿಸಿಕೊಂಡಂತೆ. ಎರಡೂ ಡೇಟಾಬೇಸುಗಳಿಗೆ ಒಂದೇ ಕ್ವೆರಿ ಎಂಬ ನಿಮ್ಮ ಸದ್ಯದ ವ್ಯವಸ್ಥೆಯನ್ನು ನಾನಾಗಿದ್ದರೆ ಮುಂದುವರಿಸುತ್ತಿರಲಿಲ್ಲ. ಲ್ಯಾಪ್‌ಟಾಪಿನಲ್ಲಿಯೂ ಪೋಸ್ಟ್‌ಗ್ರೆಸ್ಸನ್ನೇ ಹಾಕಿಕೊಳ್ಳಿ, ಸರ್ವರಿನಲ್ಲಿರುವ ಲೊಕೇಲ್‌ನೊಂದಿಗೇ.

ಇಂಡೆಕ್ಸಿಗೂ ಕೊಲೇಶನ್ನಿಗೂ ಇರುವ ನಂಟಿನಲ್ಲಿ ಒಂದು ಅಪಾಯವೂ ಇದೆ. ಐಸಿಯು ಬಳಸದಿದ್ದಾಗ ಪೋಸ್ಟ್‌ಗ್ರೆಸ್ ಹೋಲಿಕೆಯ ನಿಯಮಕ್ಕಾಗಿ ಆಪರೇಟಿಂಗ್ ಸಿಸ್ಟಮ್ಮಿನ ಲೈಬ್ರರಿಯನ್ನು, ಹೆಚ್ಚಿನ ಲಿನಕ್ಸ್‌ಗಳಲ್ಲಿ ಜಿಲಿಬ್‌ಸಿಯನ್ನು, ನಂಬಿರುತ್ತದೆ. 2018ರ ಆಗಸ್ಟ್‌ನಲ್ಲಿ ಬಂದ ಜಿಲಿಬ್‌ಸಿಯ 2.28ನೆಯ ಆವೃತ್ತಿಯಲ್ಲಿ ಆ ನಿಯಮಗಳೇ ಬದಲಾದವು. ಡೆಬಿಯನ್ 10 ಮತ್ತು ರೆಡ್‌ಹ್ಯಾಟ್ ಎಂಟರ್‌ಪ್ರೈಸ್ 8ರ ಜೊತೆ ಅದು ಸರ್ವರುಗಳಿಗೆ ಇಳಿಯಿತು. ಹಳೆಯ ಸಿಸ್ಟಮ್ಮಿನಲ್ಲಿ 11, ಆಮೇಲೆ 1-1 ಎಂದು ಬರುತ್ತಿದ್ದದ್ದು ಹೊಸದರಲ್ಲಿ 1-1, ಆಮೇಲೆ 11 ಎಂದು ತಿರುಗಿತು, ಏಕೆಂದರೆ ಮೊದಲು ಅಡ್ಡಗೆರೆಯನ್ನು ಗಣನೆಗೇ ತೆಗೆದುಕೊಳ್ಳುತ್ತಿರಲಿಲ್ಲ. ಹಳೆಯ ನಿಯಮದಲ್ಲಿ ಜೋಡಿಸಿದ ಇಂಡೆಕ್ಸಿನಲ್ಲಿ ಹೊಸ ನಿಯಮದ ಪ್ರಕಾರ ಹುಡುಕಿದರೆ, ಇರುವ ಸಾಲೂ ಸಿಗದೆ ಹೋಗಬಹುದು, ಯೂನೀಕ್ ಕಾಲಮ್ಮಿನೊಳಗೆ ನಕಲುಗಳೂ ನುಸುಳಬಹುದು. ಆಪರೇಟಿಂಗ್ ಸಿಸ್ಟಮ್ಮನ್ನು ಮೇಲೇರಿಸಿದ ದಿನ ಪಠ್ಯದ ಕಾಲಂಗಳ ಮೇಲಿನ ಇಂಡೆಕ್ಸುಗಳನ್ನು ರೀಇಂಡೆಕ್ಸ್ ಮಾಡಿಬಿಡಿ. ‘ಸಿ’ ಕೊಲೇಶನ್ನಿನ ಇಂಡೆಕ್ಸುಗಳಿಗೆ ಈ ತಾಪತ್ರಯವಿಲ್ಲ. ಬೈಟ್‌ಗಳ ಕ್ರಮ ಎಂದೂ ಬದಲಾಗುವುದಿಲ್ಲ. ನಿಮ್ಮ ಡೇಟಾಬೇಸ್ ‘ಸಿ’ಯಲ್ಲಿಯೇ ಇದ್ದು ಹೆಸರುಗಳೆಲ್ಲ ಅಪ್ಪಟ ಇಂಗ್ಲಿಷ್ ಅಕ್ಷರಗಳಲ್ಲಿಯೇ ಇರುವುದಾದರೆ, ಲೋವರ್ ಮತ್ತು ಅದರ ಇಂಡೆಕ್ಸ್ ಎಂಬ ಹಳೆಯ ಜೋಡಿಯೇ ನಿಮಗೆ ಅತ್ಯಂತ ನೆಮ್ಮದಿಯದು ಎಂದು ನಾನು ಹೇಳುವುದು ಈ ಕಾರಣಕ್ಕೂ ಹೌದು.

ಇದೆಲ್ಲ ಬೇಡ, ಒಮ್ಮೆ ಇನಿಟ್‌ಕ್ಯಾಪ್ ಹಾಕಿ ಎಲ್ಲ ಹೆಸರುಗಳನ್ನೂ ಮೊದಲಕ್ಷರ ಕ್ಯಾಪಿಟಲ್‌ಗೆ ತಿದ್ದಿಬಿಡೋಣ ಎಂಬ ಆಸೆ ನಿಮಗೆ ಬಂದೇ ಬರುತ್ತದೆ. ದಯವಿಟ್ಟು ಮಾಡಬೇಡಿ. ನಮ್ಮಲ್ಲಿ ಇನಿಷಿಯಲ್‌ಗಳನ್ನು ಚುಕ್ಕೆಯಿಲ್ಲದೆ ಕೂಡಿಸಿ ಬರೆಯುವವರು ಬಹಳ. ಚುಕ್ಕೆಯಿಲ್ಲದ ಬಿಆರ್ ಎಂಬುದನ್ನು ಇನಿಟ್‌ಕ್ಯಾಪ್ ಒಂದೇ ಪದವೆಂದು ತಿಳಿದು ಆರ್ ಅಕ್ಷರವನ್ನು ಸಣ್ಣದು ಮಾಡುತ್ತದೆ. ಸದಸ್ಯರು ಸಹಿ ಮಾಡಿದ ಅರ್ಜಿಯಲ್ಲಿರುವ ಹೆಸರಿಗೂ ದಾಖಲೆಯ ಹೆಸರಿಗೂ ಆಮೇಲೆ ತಾಳೆಯಾಗುವುದಿಲ್ಲ, ಮೂಲಕ್ಕೆ ಹಿಂದಿರುಗುವ ದಾರಿಯೂ ಇರುವುದಿಲ್ಲ. ಹಿಂದೆ ಮುಂದೆ ಇರುವ ಸ್ಪೇಸುಗಳನ್ನು ತೆಗೆಯುವುದು ಮಾತ್ರ ನಿರಪಾಯ.

ಬೇರೆ ಡೇಟಾಬೇಸುಗಳ ಬಗ್ಗೆ ಎರಡೇ ಮಾತು. ಮೊಬೈಲ್ ಆ್ಯಪ್‌ಗಳಲ್ಲಿರುವ ಎಸ್‌ಕ್ಯೂಲೈಟ್ ಸ್ವಭಾವತಃ ಬೈಟ್ ಕ್ರಮದ್ದು. ಆರ್ಡರ್ ಬೈ ಹೆಸರು ಕೊಲೇಟ್ ನೋಕೇಸ್ ಎಂದರೆ ಭೇದ ಅಳಿಯುತ್ತದೆ, ಆದರೆ ಇಂಗ್ಲಿಷಿನ 26 ಅಕ್ಷರಗಳಿಗೆ ಮಾತ್ರ. ಆರಕಲ್ ಕೂಡ ಸಾಮಾನ್ಯವಾಗಿ ಬೈಟ್ ಕ್ರಮವನ್ನೇ ಹಿಡಿಯುತ್ತದೆ. ಅಲ್ಲಿ ಎನ್‌ಎಲ್‌ಎಸ್_ಸಾರ್ಟ್ ಎಂಬ ಸೆಟ್ಟಿಂಗನ್ನು ಬೈನರಿ_ಸಿಐ ಮಾಡಿಕೊಳ್ಳಬೇಕು. ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್ ಇಂಗ್ಲಿಷ್ ಸಿಸ್ಟಮ್ಮಿನಲ್ಲಿ ಸಿಐ ಕೊಲೇಶನ್ನಿನೊಂದಿಗೇ ಬರುತ್ತದೆ.

ಭಾಷೆ ಬದಲಾದರೆ ಲೋವರ್ ಎಂಬುದರ ಅರ್ಥವೇ ಬದಲಾಗುತ್ತದೆ ಎಂಬುದನ್ನೂ ತಿಳಿದಿರಬೇಕು. ಟರ್ಕಿಯ ಭಾಷೆಯಲ್ಲಿ ಚುಕ್ಕೆಯಿರುವ ಐ, ಚುಕ್ಕೆಯಿಲ್ಲದ ಐ ಎರಡು ಬೇರೆ ಅಕ್ಷರಗಳಾಗಿದ್ದು, ಎರಡಕ್ಕೂ ಪ್ರತ್ಯೇಕ ಕ್ಯಾಪಿಟಲ್ ಮತ್ತು ಸಣ್ಣ ರೂಪಗಳಿವೆ. ಇಸ್ತಾಂಬುಲ್ ನಗರದ ಮೊದಲಕ್ಷರ ಚುಕ್ಕೆಯುಳ್ಳದ್ದು, ಇಸ್ಪಾರ್ತಾ ನಗರದ್ದು ಚುಕ್ಕೆಯಿಲ್ಲದ್ದು. ಇಂಗ್ಲಿಷ್ ನಿಯಮದ ಲೋವರ್ ಇಸ್ಪಾರ್ತಾಕ್ಕೆ ಇಲ್ಲದ ಚುಕ್ಕೆಯನ್ನು ಅಂಟಿಸಿ, ಅದನ್ನು ತಪ್ಪು ಜಾಗಕ್ಕೆ ಕಳಿಸುತ್ತದೆ.

ಕನ್ನಡಕ್ಕೆ ಈ ತಾಪತ್ರಯವಿಲ್ಲ. ನಮ್ಮ ಲಿಪಿಯಲ್ಲಿ ಕ್ಯಾಪಿಟಲ್ ಇಲ್ಲ, ಲೋವರ್ ಹಾಕಿದರೂ ಕನ್ನಡದ ಹೆಸರು ಕೂದಲೆಳೆಯಷ್ಟೂ ಕದಲುವುದಿಲ್ಲ. ಹಾಗೆಂದು, ಮುಂದೆ ಸಂಘದ ಪಟ್ಟಿಗೆ ಕನ್ನಡದ ಹೆಸರಿನ ಕಾಲಂ ಸೇರಿಸಿದಾಗ ಬೈಟ್ ಕ್ರಮವೇ ಸಾಕೆಂದು ಬಿಡಬೇಡಿ. ರಾಜ್‌ಕುಮಾರ್ ಎಂದು ಬರೆಯುವಾಗ ಜ ಮತ್ತು ಕ ಒತ್ತಕ್ಷರವಾಗದಿರಲೆಂದು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ಹಾಕುತ್ತೇವಲ್ಲ, ಕೀಲಿಮಣೆಗಳಲ್ಲಿ ಜಡ್‌ಡಬ್ಲ್ಯುಎನ್‌ಜೆ ಎಂದು ಕರೆಯುವಂಥದ್ದು, ಅದರ ಯೂನಿಕೋಡ್ ಸಂಖ್ಯೆ ಕನ್ನಡದ ಎಲ್ಲ ಅಕ್ಷರಗಳ ಸಂಖ್ಯೆಗಿಂತಲೂ ಬಹಳ ದೊಡ್ಡದು. ಆದ್ದರಿಂದ ಬೈಟ್ ಕ್ರಮದಲ್ಲಿ ಈ ರಾಜ್‌ಕುಮಾರ್ ಕಕಾರದ ಜಾಗದಲ್ಲಿ ಬಾರದೆ, ರಾಜ್ಯಶ್ರೀಯನ್ನೂ ದಾಟಿ ಕೆಳಗೆ ಹೋಗಿ ಕೂರುತ್ತಾನೆ. ಸಂಕೇತ ಹಾಕದೆ ಬರೆದ ಇನ್ನೊಬ್ಬ ರಾಜ್ಕುಮಾರ್ ಮೇಲೆಯೇ ಉಳಿಯುತ್ತಾನೆ. ಯೂನಿಕೋಡ್‌ನ ಹೋಲಿಕೆಯ ವಿಧಾನ ಆ ಸಂಕೇತವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕನ್ನಡದ ಕಾಲಮ್ಮಿಗೆ ಮಾತ್ರ ಕೊಲೇಟ್ "ಕೆಎನ್-ಎಕ್ಸ್-ಐಸಿಯು" ಎಂದು ಟೇಬಲ್ ಸೃಷ್ಟಿಸುವಾಗಲೇ ಬರೆದಿಟ್ಟರೆ ಇಬ್ಬರೂ ಅಕ್ಕಪಕ್ಕ ಬರುತ್ತಾರೆ, ಇಂಗ್ಲಿಷ್ ಹೆಸರಿನ ಕಾಲಂ ತನ್ನ ಪಾಡಿಗೆ ಲೋವರ್‌ನೊಂದಿಗೆ ಇರುತ್ತದೆ.